ಮೊದಲನೇ ಚುಕ್ಕೆ

ಅಯ್ಯಯ್ಯೋ, ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರೆ! ಬರೇ ಗಾಜಲ್ಲ ಅದು... ಇಡ್ರಿ, ಹಗೂರಕ್ಕೆ ಇಡ್ರಿ. ಹಾಂ. ಈಗ ಕೂಡ್ರಿ. ನೀವು ತಂದಿರೋ ವಿಷಯ ನಿಂತ್ಕೊಂಡು ಮಾತಾಡೋದಲ್ಲ. ಯಲ್ಲಕ್ಕಾ, ಎರಡು ಚಾ ಹೇಳವ್ವ... ಬ್ಯಾಡವಾ? ನಮ್ಮ ಲ್ಯಾಬಿಗೆ ಬಂದು ಚಾ ಬ್ಯಾಡ ಅಂದೋರು ನೀವೊಬ್ರೇ ನೋಡ್ರಿ. ಕಾಲೇಜು ತಪಾಸಣೆಗೆ ಅಂತ ಬಂದೋರು ಚಾ ಕುಡಿದು, ಬೆಣ್ಣೆದೋಸೆ ತಿಂದು, ಮನೆಗೂ ಕಟ್ಟಿಸ್ಕೊಂಡು ಹೋಗ್ಯಾರೆ.

ಅಲ್ರಿ, ಏನು ಪ್ರಶ್ನೆ ಅದು! ಚಪ್ಲಿ ಬಿಚ್ಚಿ ಒಳಗೆ ಕಾಲಿಡೋದ್ರೊಳಗೇ... "ಡಾಕ್ಟ್ರೆ, ಆ ಹುಡುಗಿನ ನಿಮ್ಮನೆಗಾದ್ರೆ ಸೊಸೆ ಅಂತ ತರ್ತಿದ್ರಾ?" ಇದು ಬಯೋಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥನ್ನ ಕೇಳೋ ಪ್ರಶ್ನೆನಾ? ಡಾಕ್ಟರ್ ಬಕ್ಕೇಶಪ್ಪನ್ನ ಕೇಳಬೇಕಾದ್ದು ಪ್ರೋಟೀನಿನ ಪ್ರಶ್ನೆ. ಸೊಸೆ ಪ್ರಶ್ನೆಗೆ ಊರಾಗೆ ಹಿರಿಯರು ಅದಾರೆ, ಗುರುಗಳು ಅದಾರೆ, ಸಂಬಂಧ ಕುದುರಿಸೋ ದಲ್ಲಾಳಿಗಳು ಅದಾರೆ.

ಗೊತ್ತೈತ್ರಿ, ಎಲ್ಲ ಗೊತ್ತೈತೆ. ನೀವು ಮಲೆಬೆನ್ನೂರಿನ ಅಕ್ಕಿಗಿರಣಿ ಮಕ್ತುಮ್ ಸಾಬ್ರು. ಮಗ ನೌಮಾನ್. ಹುಡುಗಿ ಹರಿಹರದ ರೌಫ್ ಸಾಬ್ರ ಮಗಳು ಗುಲ್ನಾಜ್. ಬರೋ ಭಾನುವಾರ ನಿಕಾ. ರಂಜಾನ್ ತಿಂಗಳು ಬರೋದ್ರೊಳಗೆ ಮುಗಿಸಬೇಕು ಅಂತ ಎರಡೂ ಕಡೆಯೋರು ಓಡಾಡ್ತಿದ್ರಿ. ಅಷ್ಟ್ರಾಗೆ ಪೇಪರಿನಾಗೆ ನಮ್ಮ ಸಂಶೋಧನೆ ಬಂತು. ನಿಮ್ಮನೆ ಹೆಂಗಸ್ರು "ಕಿಡ್ನಿ ಕೆಟ್ಟ ಹುಡುಗಿ ಬ್ಯಾಡ" ಅಂತ ಕೂತ್ರು, ಹುಡುಗ "ಆಕೆನೇ ಬೇಕು" ಅಂತ ಉಣ್ಣೋದು ಬಿಟ್ಟ. ಮಧ್ಯದಾಗೆ ನೀವು. ಹೌದಲ್ರಿ? ನೋಡ್ರಿ, ಎಲ್ಲಿಂದ ಎಲ್ಲಿಗೆ ಹೋಗೈತೆ ನನ್ನ ರಿಸರ್ಚು! ಮಲೆಬೆನ್ನೂರಿನ ಅಡಿಗೆಮನಿ ತನಕ! ಬೆಂಗಳೂರಿನ ದೊಡ್ಡ ದೊಡ್ಡ ಸಂಸ್ಥೆ ವಿಜ್ಞಾನಿಗಳ ಹೆಸರು ಹೇಳ್ರಿ ನೋಡೋಣ, ಯಾವನ ರಿಸರ್ಚು ಒಂದು ಮದುವೆ ನಿಲ್ಲಿಸೈತೆ?

ಅಲ್ಲಲ್ಲ, ಸಂತೋಷ ಪಡ್ತಿಲ್ಲ ನಾನು! ಬಾಯಿತಪ್ಪಿ ಬಂತು. ಬೇಜಾರಿನ ವಿಷಯನೇ ಅದು. ಯಾರ ಮನೆ ಹುಡುಗಿ ಆದ್ರೂ ಹುಡುಗಿನೇ ಅಲ್ವ್ರಾ.

ತಿಳಿಸಿ ಹೇಳ್ತೀನಿ ಕೇಳ್ರಿ. ವಿಜ್ಞಾನ ತಿಳಿದ್ರೆ ದುಃಖ ಅರ್ಧ ಆಗ್ತೈತೆ. ಇದು ಸ್ಲೈಡು. ಇದರ ಮ್ಯಾಲೆ ಹನ್ನೆರಡು ಚುಕ್ಕೆ ಐತೆ. ಕಣ್ಣು ಕಿರಿದು ಮಾಡಬ್ಯಾಡ್ರಿ, ಬರಿಗಣ್ಣಿಗೆ ಕಾಣಲ್ಲ. ಒಂದೊಂದು ಚುಕ್ಕೆಗೂ ಒಂದೊಂದು ಆಂಟಿಬಾಡಿ. ಆಂಟಿಬಾಡಿ ಅಂದ್ರೆ... ಹೆಂಗೆ ಹೇಳ್ಲಿ... ನಮ್ಮ ಬಸ್‌ಸ್ಟ್ಯಾಂಡ್ ನೋಡೀರಲ್ಲ? ಏಜೆಂಟ್ರು ನಿಂತಿರ್ತಾರೆ, ಒಬ್ಬೊಬ್ಬನೂ ಒಂದೊಂದು ಊರು ಕೂಗ್ತಾ. ಹೊನ್ನಾಳಿಯೋನು ಹೊನ್ನಾಳಿಗೆ ಹೋಗೋರನ್ನೇ ಹಿಡೀತಾನೆ, ಹರಪನಹಳ್ಳಿಯೋನು ಹರಪನಹಳ್ಳಿಯೋರ ಬ್ಯಾಗಿಗೇ ಕೈ ಹಾಕ್ತಾನೆ. ರಕ್ತದಾಗೆ ಸಾವಿರಾರು ಪ್ರೋಟೀನು ಓಡಾಡ್ತಿರ್ತಾವೆ. ಒಂದೊಂದು ಚುಕ್ಕೆ ತನ್ನ ಪ್ರೋಟೀನು ಬಂದ್ರೆ ಮಾತ್ರ ಗಬಕ್ಕನೆ ಹಿಡ್ಕೊಂತೈತೆ. ರಕ್ತದ ತಿಳಿಗೆ ನಾವು ಮೊದ್ಲೇ ಹೊಳೆಯೋ ಬಣ್ಣ ಸೇರಿಸಿರ್ತೀವಿ. ಸ್ಲೈಡಿನ ಮ್ಯಾಲೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ಮೈಕ್ರೋಸ್ಕೋಪಿನ ನೀಲಿ ಬೆಳಕಿಗೆ ಇಟ್ರೆ... ಪ್ರೋಟೀನು ಹಿಡಿದ ಚುಕ್ಕೆ ಹಸಿರಗೆ ಹೊಳೀತೈತೆ, ಹಿಡೀದಿದ್ದದ್ದು ಕಪ್ಪಗೆ ಕೂತಿರ್ತೈತೆ. ಒಂದೇ ಹನಿ ರಕ್ತ, ಒಂದೇ ಸಲ ಹನ್ನೆರಡು ಉತ್ತರ! ಕರ್ನಾಟಕದಾಗೆ ನಾನೇ ಮೊದಲು. ಇಂಡಿಯಾದಾಗೂ ನಾನೇ ಇರಬೇಕು, ವಿಚಾರಿಸಿಲ್ಲ.

ನಗ್ರಿ, ನಗ್ರಿ. ನಮ್ಮ ಕಾಲೇಜಿನೋರೂ ಹಿಂಗೇ ನಕ್ಕಿದ್ರು. ಚುಕ್ಕೆ ಇಡೋಕೆ ವಿದೇಶದಾಗೆ ಮಿಷನ್ ಐತಂತೆ, ತರಿಸಿಕೊಡ್ರಿ ಅಂದೆ. ಸೀಲಿಂಗ್ ಫ್ಯಾನು ರಿಪೇರಿ ಮಾಡಿಸಿಕೊಟ್ರು. ಬಿಟ್ಟೆನಾ ನಾನು? ಹರಿಹರದ ಒಂದು ಲೇತ್ ಶಾಪಿನಾಗೆ ಕೂತು, ಕೂದಲೆಳೆ ತುದಿಯ ಉಕ್ಕಿನ ಸೂಜಿ ಮಾಡಿಸಿದೆ. ಆಂಟಿಬಾಡಿ ಟ್ಯೂಬಿನಾಗೆ ಅದ್ದು, ಗಾಜಿಗೆ ಮುಟ್ಟಿಸು. ಅದ್ದು, ಮುಟ್ಟಿಸು. ನಮ್ಮ ಜೂನಿಯರ್ ಕೊಟ್ರೇಶ್ ಅಂತ ಒಬ್ಬ ಅದಾನೆ, ಅವನ ಕೈ ನಡುಗಲ್ಲ. ನನ್ನ ಮಾತಿಗೆ ಎದುರಾಡೋದೂ ಇಲ್ಲ. ಹಂಗಾಗಿ ಅವನನ್ನೇ ಇಟ್ಕೊಂಡೀನಿ.

ಈಗ ಮುಖ್ಯ ವಿಷಯ. ಮೊದಲನೇ ಚುಕ್ಕೆ ಕಿಡ್ನಿದು. ಕಿಡ್ನಿ ಸೋತೋರ ರಕ್ತದಾಗೆ ಒಂದು ಪ್ರೋಟೀನು ಏರ್ತೈತೆ, ಅದನ್ನ ಹಿಡಿಯೋ ಚುಕ್ಕೆ. ಶ್ರಾವಣದಾಗೆ ದಾವಣಗೆರೆಯೋರ ರಕ್ತ ನೋಡಿದ್ವಿ. ಎಲ್ಲ ಗಟ್ಟಿಮುಟ್ಟಾದ ಜನ. ಮೊದಲನೇ ಚುಕ್ಕೆ ಕಪ್ಪು. ಎಲ್ಲರದ್ದೂ ಕಪ್ಪು. ದೀಪಾವಳಿ ಆದ ಮ್ಯಾಲೆ ಹರಿಹರದಾಗೆ ಕ್ಯಾಂಪ್ ಹಾಕಿದ್ವಿ. ಅಲ್ಲೂ ಗಟ್ಟಿಮುಟ್ಟಾದ ಜನನೇ. ತಂದು ನೋಡಿದ್ರೆ... ಸಾಹೇಬ್ರೆ, ಮೊದಲನೇ ಚುಕ್ಕೆ ಹೊಳೀತು! ಒಬ್ರದ್ದಲ್ಲ, ಎಲ್ಲರದ್ದೂ! ಕತ್ತಲೆ ರೂಮಿನಾಗೆ ಬೆಕ್ಕಿನ ಕಣ್ಣು ಹೊಳೆದಂಗೆ ಹೊಳೀತು! ಮೈ ಜುಂ ಅಂತು ನನಗೆ. ಹೊಳೆ ಈ ಕಡೆಯೋರಿಗೆ ಇಲ್ಲದ್ದು ಹೊಳೆ ದಂಡೆಯೋರಿಗೆ ಐತೆ. ಒಂದೇ ಜಿಲ್ಲೆ, ಎರಡು ರಕ್ತ! ದಾವಣಗೆರೆ ಜಿಲ್ಲೆ ಆಗಿ ಈಗಿನ್ನೂ ಎರಡು ವರ್ಷ, ಆಗ್ಲೇ ಜಿಲ್ಲೆಗೊಂದು ಸ್ವಂತ ರೋಗ ಕಂಡುಹಿಡಿದು ಕೊಟ್ಟೀನಿ.

ಏನಂದ್ರಿ? ನೀರು? ಹಾಂ... ದಾವಣಗೆರೆಯೋರೂ ಅದೇ ಹೊಳೆ ನೀರೇ ಕುಡಿಯೋದು. ಗೊತ್ತೈತೆ. ಪೇಪರಿನ ಹುಡುಗನೂ ಕೇಳಿದ. ಅದಕ್ಕೆ ನಾನೇನಂದೆ... "ನೀರು ಒಂದೇ ಇರಬಹುದು, ಪೈಪು ಬ್ಯಾರೆ" ಅಂದೆ. ಬರ್ಕೊಂಡು ಹೋದ. ವಿಜ್ಞಾನದಾಗೆ ಮೊದಲು ಫಲಿತಾಂಶ, ಕಾರಣ ಆಮೇಲೆ ತಾನಾಗೇ ಹುಡುಕ್ಕೊಂಡು ಬರ್ತೈತೆ.

ಆ ಹುಡುಗಿ ವಿಷಯಕ್ಕೆ ಬರ್ತೀನಿ, ಅದಕ್ಕೇ ಬರ್ತಿರೋದು. ಸ್ವಲ್ಪ ತಾಳ್ರಿ.

ಗುಲ್ನಾಜ್ ತಾನಾಗೇ ಬಂದ್ಲು ಕ್ಯಾಂಪಿಗೆ. ಟೇಲರಿಂಗ್ ಕಲಿಸ್ತಾಳಲ್ಲ ಆಕೆ, ಕಲಿಯೋಕೆ ಬರೋ ಹುಡುಗೀರೆಲ್ಲ ಸೂಜಿಗೆ ಹೆದರಿ ಹಿಂದೆ ಹಿಂದೆ ಸರೀತಿದ್ರು. ಈಕೆ ತೋಳು ಚಾಚಿ, "ನಾವು ದಿನಾ ಬೆರಳಿಗೆ ಚುಚ್ಚಿಸ್ಕೊಳ್ಳಲ್ವೇನೇ?" ಅಂದ್ಲು. ಎಲ್ಲ ನಕ್ಕು ಸಾಲಿಗೆ ನಿಂತ್ರು. ಒಳ್ಳೇ ಹುಡುಗಿ ಸಾಹೇಬ್ರೆ. ಧೈರ್ಯದ ಹುಡುಗಿ. ನಮ್ಮ ಕ್ಯಾಂಪ್ ಉಳಿಸಿದ್ದೇ ಆಕೆ. ಆಕೆ ಸ್ಲೈಡೇ ಎಲ್ಲಕ್ಕಿಂತ ಚಂದ ಹೊಳೆದಿದ್ದು. ಅದಕ್ಕೇ ಪೇಪರಿನೋರಿಗೆ ಅದೇ ಫೋಟೋ ಕೊಟ್ಟೆ.

ಹೆಸರು? ಹೆಸರು ಹೇಳಿಲ್ರಿ ನಾನು! ಆಣೆ ಮಾಡಿ ಹೇಳ್ತೀನಿ. ರೋಗಿ ಹೆಸರು ಹೇಳಬಾರದು ಅನ್ನೋದು ವೈದ್ಯಕೀಯ ಧರ್ಮ. "ಹರಿಹರದ ಒಬ್ಬ ಯುವತಿ" ಅಂದೆ, ಅಷ್ಟೇ. "ಟೇಲರಿಂಗ್ ಕಲಿಸೋ ಯುವತಿ" ಅಂದೆ. "ಸದ್ಯದಾಗೇ ಮಲೆಬೆನ್ನೂರಿಗೆ ಸೊಸೆ ಆಗಿ ಹೋಗೋಳು, ಪಾಪ" ಅಂತ... ಅದು ಮಾನವೀಯತೆಯಿಂದ ಅಂದಿದ್ದು. ಓದೋರಿಗೆ ಕಳಕಳಿ ಹುಟ್ಟಬೇಕಲ್ಲ. ಅಷ್ಟಕ್ಕೇ ಜನ ಗುಲ್ನಾಜ್ ಅಂತ ಕಂಡುಹಿಡಿದ್ರೆ ಅದು ಜನರ ಬುದ್ಧಿವಂತಿಕೆ. ನನ್ನ ತಪ್ಪೇನೈತೆ?

ಯಾಕ್ರಿ ಹಂಗೆ ನೋಡ್ತೀರಿ? ಏನಾತು ಆಕೆಗೆ? ಕ್ಲಾಸಿಗೆ ಯಾರೂ ಬರ್ತಿಲ್ಲವಾ... ಯಾಕ? ಅಂಟೋ ರೋಗ ಅಂತನಾ? ಛೇ ಛೇ. ಕಿಡ್ನಿ ಅಂಟಲ್ಲ ಅಂತ ಯಾರಾದ್ರೂ ಹೇಳಬೇಕು ಜನಕ್ಕೆ. ಏನಂದ್ರಿ? ಬಾಗಿಲು ಹಾಕ್ಕೊಂಡು ಕೂತಾಳಂತಾ. ರೌಫ್ ಸಾಬ್ರು... ಮಸೀದಿಗೆ ಹೋಗೋಕೂ ನಾಚ್ಕೊಂತಾರಂತಾ.

ಹೂಂ.

ನೋಡ್ರಿ, ನನಗೂ ಕರುಳು ಐತೆ. ಆದ್ರೆ ನಾಳೆ ನನಗೆ ಸನ್ಮಾನ. ಊರಿನ ವ್ಯಾಪಾರಸ್ಥರೆಲ್ಲ ಸೇರಿ ಮಾಡ್ತಿರೋದು. ಪೇಟ, ಶಾಲು, ಹಣ್ಣಿನ ಬುಟ್ಟಿ. ನನ್ನ ಭಾವಚಿತ್ರ, ಪಕ್ಕದಾಗೆ ಆ ಸ್ಲೈಡಿನ ಚಿತ್ರ, ಎರಡೂ ಒಂದೇ ಅಳತೆ, ಬ್ಯಾನರ್ ಆಗ್ಲೇ ಸರ್ಕಲಿಗೆ ಕಟ್ಯಾರೆ. ನೀವು ಬರೋ ದಾರಿಯಾಗೆ ನೋಡಿರಬೇಕು. ಮೂವತ್ತು ವರ್ಷ ಪಾಠ ಮಾಡೀನಿ ಸಾಹೇಬ್ರೆ. ಮೂತ್ರ ಪರೀಕ್ಷೆ ಹೆಂಗೆ ಮಾಡೋದು ಅಂತ ಪಾಠ. ಮಕ್ಕಳು ನನಗಿಟ್ಟಿರೋ ಅಡ್ಡಹೆಸರು ಹೇಳಿದ್ರೆ ನೀವೂ ನಗ್ತೀರಿ. ಯಾವ ಸಭೆನಾಗೂ ನನ್ನ ಮೊದಲ ಸಾಲಿಗೆ ಕರೆದಿಲ್ಲ. ಈಗ ಕರೆದಾರೆ. ಅದನ್ನ... ಅದನ್ನ ಹೆಂಗೆ ಬಿಡ್ಲಿ?

ಬಿಡ್ರಿ ಅಂತ ನೀವೆಲ್ಲಿ ಹೇಳಿದ್ರಿ? ಇಲ್ಲ, ಹೇಳಿಲ್ಲ. ಸುಮ್ಮನೆ ನಾನೇ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾತು. ಹ್ಹೆ ಹ್ಹೆ.

ದಾವಣಗೆರೆಯೋರದ್ದು ನೋಡಿದ ಮ್ಯಾಲೆ, ಹರಿಹರದೋರದ್ದು ನೋಡೋಕಿಂತ ಮುಂಚೆ, ನಡುವೆ ಏನಾತು ಅಂತನಾ? ಏನೂ ಆಗಿಲ್ಲ. ಅದೇ ಸೂಜಿ, ಅದೇ ಟ್ಯೂಬು, ಅದೇ ಕೊಟ್ರೇಶ್. ದಸರಾ ಬಂತು, ಅಷ್ಟೇ. ಆಯುಧಪೂಜೆ ಮಾಡಿದ್ವಿ. ಭಾಳ ಭಕ್ತಿಯಿಂದ ಮಾಡಿದ್ವಿ ಈ ಸಲ! ಮೈಕ್ರೋಸ್ಕೋಪಿಗೆ ವಿಭೂತಿ ಪಟ್ಟೆ, ಫ್ರಿಜ್ಜಿಗೆ ಚೆಂಡುಹೂವಿನ ಹಾರ, ಬಾಗಿಲಿಗೆ ಬಾಳೆಕಂಬ. ಸೂಜಿಗೆ ನಾನೇ ನನ್ನ ಕೈಯಾರೆ ಅರಿಶಿನ ಕಲಸಿ ಹಚ್ಚಿದೆ. ಯಾಕಂದ್ರೆ ಅದೇ ನಮ್ಮ ನಿಜವಾದ ಆಯುಧ. ವಿಜಯದಶಮಿ ದಿನ ಒಳ್ಳೇ ಮುಹೂರ್ತ ನೋಡಿ, ಹರಿಹರದ ಕ್ಯಾಂಪಿಗೆ ಬೇಕಾದ ಸ್ಲೈಡೆಲ್ಲ ಒಂದೇ ದಿನ ಚುಕ್ಕೆ ಹಾಕಿ ಮುಗಿಸಿದ್ವಿ. ಕೊಟ್ರೇಶ್ ಸ್ಪಿರಿಟ್ ಹಚ್ಚಿದ ಹತ್ತಿ ಹಿಡ್ಕೊಂಡು ಬಂದ, ಸೂಜಿ ಒರೆಸ್ತೀನಿ ಸಾರ್ ಅಂತ. ಬೈದೆ ಅವನಿಗೆ. ಪೂಜೆ ಮಾಡಿದ ಅರಿಶಿನ ಅಷ್ಟು ಲಗೂನ ಒರೆಸ್ತಾರೇನೋ, ಶಕುನ ಕೆಡಲ್ವಾ ಅಂತ. ಹಂಗೇ ಅದ್ದಿದ. ಮೊದಲನೇ ಟ್ಯೂಬಿಗೇ ಅದ್ದಿ...

ಏನು? ಯಾಕೆ ಮುಂದಕ್ಕೆ ಬಗ್ಗಿದ್ರಿ?

ಇಲ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ! ಏನು ನೀವು... ನಿಮ್ಮ ಗಿರಣಿನಾಗೂ ಹಮಾಲ್ರು ಪೂಜೆ ಮಾಡ್ತಾರಲ್ಲ? ನೀವೇ ಮಂಡಕ್ಕಿ ಹಂಚ್ತೀರಲ್ಲ? ನಿಮ್ಮ ಅಕ್ಕಿಗೇನಾದ್ರೂ ಕಿಡ್ನಿ ರೋಗ ಬಂದೈತಾ? ಅರಿಶಿನ ಅಂದ್ರೆ ಮಂಗಳದ್ರವ್ಯ ಸಾಹೇಬ್ರೆ. ಗಾಯಕ್ಕೆ ಹಚ್ತೀವಿ, ಮದುಮಗಳಿಗೆ ಹಚ್ತೀವಿ, ನಿಮ್ಮ ಕಡೆನೂ ಹಚ್ತೀರಿ. ಅದು ಯಾರ ಮದುವೆನಾದ್ರೂ ನಿಲ್ಲಿಸ್ತೈತಾ?

ನಿಮಗೆ ಯಾರು ಹೇಳಿದ್ರು ಅರಿಶಿನ ಹೊಳೀತೈತೆ ಅಂತ? ನೀವು ಹೇಳಲಿಲ್ಲವಾ... ನಾನೇ ಹೇಳಿದ್ನಾ ಈಗ? ಇಲ್ಲ ಇಲ್ಲ ಇಲ್ಲ. ನಾನು ಹಂಗೆ ಹೇಳಿಲ್ಲ. ಅಂದ್ರೆ... ನೀಲಿ ಬೆಳಕಿಗೆ ಹಿಡಿದ್ರೆ ಅರಿಶಿನ ಸ್ವಲ್ಪ ಹಸಿರಗೆ ಹೊಳೆಯೋದು ಹೌದು. ಅದು ಪುಸ್ತಕದಾಗೆ ಐತೆ. ಪುಸ್ತಕದಾಗೆ ಏನೇನೋ ಇರ್ತೈತೆ.

ಚಾ ತರಿಸ್ಲಾ ಈಗಾದ್ರೂ? ನನಗೆ ಬೇಕಾಗೈತೆ.

ಏನು ಮಾಡ್ತಿದೀರಿ? ತೋಳು ಯಾಕೆ ಮಡಚ್ತಿದೀರಿ? ನಿಮ್ಮ ರಕ್ತ ನೋಡ್ಬೇಕಾ! ಮಲೆಬೆನ್ನೂರಿನೋರ ರಕ್ತ ಹೊಳೀತೈತಾ ನೋಡ್ಬೇಕಾ... ಸಾಹೇಬ್ರೆ, ಇದು ಹಂಗೆಲ್ಲ ಬಂದೋರಿಗೆ ಮಾಡೋದಲ್ಲ. ಅನುಮತಿ ಬೇಕು. ಬೆಳಗ್ಗೆ ಏನು ತಿಂದೀರಿ? ಉಪ್ಪಿಟ್ಟಾ? ನಡೆಯಲ್ಲ. ಉಪ್ಪಿಟ್ಟು ತಿಂದ ರಕ್ತ ನಡೆಯಲ್ಲ. ನಾಳೆ ಆಗ್ಲಿ, ನಾಡಿದ್ದು ಬರ್ರಿ. ಇಳಿಸ್ರಿ ತೋಳು. ದಯವಿಟ್ಟು ಇಳಿಸ್ರಿ.

ನನ್ನದಾ? ನನ್ನ ರಕ್ತ ಹಾಕಿ ತೋರಿಸ್ಲಾ ನಿಮ್ಮೆದುರಿಗೆ? ಯಾಕ್ರಿ ನಾನು ಚುಚ್ಚಿಸ್ಕೊಳ್ಳಲಿ! ನಾನು ಹರಿಹರದೋನಲ್ಲ, ಹುಟ್ಟಿದ್ದು ಬೆಳೆದಿದ್ದು ಎಲ್ಲ ಇದೇ ದಾವಣಗೆರೆ. ಮತ್ತೆ ಮತ್ತೆ ಚುಚ್ಚಿಸ್ಕೊಳ್ಳೋಕೆ ನನ್ನ ಬೆರಳೇನು ನಿಂಬೆಹಣ್ಣಾ? ಒಂದ್ಸಲ ಹಾಕಿ ನೋಡಿದ್ದು ಸಾಕಾಗೈತೆ...

...

ಅಂದ್ರೆ, ಅದು... ಸುಮ್ಮನೆ ಹಾಕಿದ್ದೆ. ಎಲ್ಲ ವಿಜ್ಞಾನಿಗಳೂ ಹಾಕ್ಕೊಂತಾರೆ.

ಹೊಳೀತಾ ಅಂತನಾ? ಸ್ವಲ್ಪ ಹೊಳೀತು. ಸ್ವಲ್ಪ ಅಂದ್ರೆ... ಗುಲ್ನಾಜ್‌ದಷ್ಟೇ ಹೊಳೀತು. ಅದಕ್ಕೇನು? ಕ್ಯಾಂಪಿನ ದಿನ ನಾನು ಹರಿಹರದಾಗೆ ಎರಡು ಕಾಫಿ ಕುಡಿದಿದ್ದೆ. ಆ ನೀರು ಹೊಟ್ಟ್ಯಾಗೆ ಹೋಗಿ... ನಗಬ್ಯಾಡ್ರಿ. ನಗ್ತಿಲ್ಲವಾ? ನಕ್ಕೇ ಬಿಡ್ರಿ ಸಾಹೇಬ್ರೆ, ಹಿಂಗೆ ಕೂಡೋದಕ್ಕಿಂತ ನಗೋದು ವಾಸಿ.

ಆಮೇಲೇನು ಮಾಡಿದೆ? ಏನೂ ಮಾಡಿಲ್ಲ. ಬರೇ ನೀರು ಹಾಕಿ ನೋಡಿದೆ.

ನೀರು. ರಕ್ತ ಇಲ್ಲ, ಬಣ್ಣ ಇಲ್ಲ, ಏನಿಲ್ಲ. ಕುಡಿಯೋ ನೀರು, ಈ ಕೊಡಪಾನದ್ದು. ಮೊದಲನೇ ಚುಕ್ಕೆ... ಹೊಳೀತು. ನೀರಿಗೂ ಕಿಡ್ನಿ ರೋಗ. ಮೊದಲನೇ ಟ್ಯೂಬನ್ನ ಬೆಳಕಿಗೆ ಹಿಡಿದು ನೋಡಿದೆ, ತಳದಾಗೆ ಹಳದಿ ನಿಂತಿತ್ತು. ಅರಿಶಿನ. ನಾನು ಹಚ್ಚಿದ್ದೇ. ಅಲ್ಲಿಂದ ಆ ಟ್ಯೂಬಿನಾಗೆ ಅದ್ದಿದ ಸೂಜಿ ಎಲ್ಲೆಲ್ಲಿ ಮುಟ್ಟೈತೋ ಅಲ್ಲೆಲ್ಲ ಅರಿಶಿನದ ಚುಕ್ಕೆ. ಹರಿಹರದೋರ ಕಿಡ್ನಿ ಒಂದಕ್ಕೂ ಏನೂ ಆಗಿಲ್ಲ. ಲೇತಿನ ಸೂಜಿ ಹರಿಹರದ್ದು ಅನ್ನೋದು ಬಿಟ್ರೆ ಹರಿಹರಕ್ಕೂ ಇದಕ್ಕೂ ಸಂಬಂಧನೇ ಇಲ್ಲ.

ಆತಾ? ಹೇಳಿಸಿದ್ರಲ್ಲ ನನ್ನ ಬಾಯಿಂದ. ಇನ್ನಾದ್ರೂ ಬಯ್ರಿ ನನ್ನ.

ಯಾವಾಗ ಗೊತ್ತಾತು ಅಂತನಾ? ಪೇಪರಿನಾಗೆ ಬಂದ ಮ್ಯಾಲೆ. ಹೋದ ವಾರ. ಬರೋಕಿಂತ ಮುಂಚೆ ಖಂಡಿತ ಗೊತ್ತಿರಲಿಲ್ಲ, ಅಷ್ಟು ಕೆಟ್ಟೋನಲ್ಲ ನಾನು. ಗೊತ್ತಾದ ಮ್ಯಾಲೆ ಸರಿಪಡಿಸ್ಬೇಕು ಅಂತನೇ ಐತೆ. ಅದಕ್ಕೊಂದು ಕ್ರಮ ಐತೆ. ಇಂಗ್ಲಿಷ್ ಜರ್ನಲ್ಲಿಗೆ ಬರೀಬೇಕು, "ಹಿನ್ನೆಲೆ ಹೊಳಪಿನ ಸಾಧ್ಯತೆಯನ್ನು ತಳ್ಳಿಹಾಕಲಾಗದು" ಅಂತ. ಅವರು ಓದಬೇಕು, ಒಪ್ಪಬೇಕು, ಅಚ್ಚು ಮಾಡಬೇಕು. ಮುಂದಿನ ಮುಂಗಾರಿನ ಹೊತ್ತಿಗೆ ಜಗತ್ತಿಗೇ ಗೊತ್ತಾಗ್ತೈತೆ... ಹೌದ್ರಿ, ನಿಕಾ ಬರೋ ಭಾನುವಾರ. ಗೊತ್ತೈತೆ. ಗೊತ್ತಾಗಲ್ವಾ ನನಗೆ?

ಒಂದು ಕೆಲಸ ಮಾಡೋಣ. ಗುಟ್ಟಾಗಿ, ನಿಮಗೊಬ್ರಿಗೇ, ಹುಡುಗಿ ಚೆನ್ನಾಗಿ ಅದಾಳೆ ಅಂತ ನಾನು ಬಾಯಿಮಾತು ಕೊಡ್ತೀನಿ. ನೀವು ಮನ್ಯಾಗೆ ಹೇಳ್ಕೊಳ್ರಿ. ಬ್ಯಾರೆ ಯಾರಿಗೂ ಬ್ಯಾಡ. ನಾಳೆ ಸಭೆ ಮುಗೀಲಿ. ಪೇಟ ಒಂದು ತಲೆ ಮ್ಯಾಲೆ ಕೂತು ಇಳೀಲಿ. ಆಮೇಲೆ ನೀವು ಹೇಳಿದಂಗೆ... ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ ಸಾಹೇಬ್ರೆ, ನನ್ನ ಮಾನ...

ಹೌದು. ಆಕೆ ಮಾನನೂ. ಹೌದು.

ಏನಂದ್ರಿ? ಇನ್ನೊಮ್ಮೆ ಹೇಳ್ರಿ. "ನಿಮ್ಮ ರಕ್ತ ನೋಡೋ ಯೋಚನೆ ಯಾಕೆ ಬಂತು" ಅಂತನಾ?

ಬಂತು. ವಿಜ್ಞಾನಿಗೆ ಕುತೂಹಲ ಇರ್ತೈತಲ್ಲ. ಸಂದೇಹ ಪಡೋದೇ ವಿಜ್ಞಾನದ ಮೊದಲ ಪಾಠ. ಹಂಗೇ ಒಂದು ಮಧ್ಯಾಹ್ನ ಖಾಲಿ ಕೂತಿದ್ದೆ, ಸುಮ್ಮನೆ ನೋಡೋಣ ಅಂತ...

ನಂಬಲ್ವಾ ನೀವು?

ಏನಾದ್ರೂ ಅನ್ರಿ. ಹಿಂಗೆ ಸುಮ್ಮನೆ ಕೂಡಬ್ಯಾಡ್ರಿ. ನೀವು ಬೈದ್ರೆ ನಾನೂ ಎರಡು ಮಾತು ಆಡ್ತೀನಿ, ಜಗಳ ಆಗ್ತೈತೆ, ಇಬ್ರೂ ಮನೆಗೆ ಹೋಗ್ತೀವಿ. ಈ ಸುಮ್ಮನಿರೋದು ಏನೈತಲ್ಲ... ಮೂವತ್ತು ವರ್ಷ ನಾನು ಮಾತಾಡಿದೋನು ಸಾಹೇಬ್ರೆ. ಯಾರಾದ್ರೂ ಸುಮ್ಮನೆ ಕೂತು ಮುಖ ನೋಡಿದ್ರೆ ನನ್ನ ಬಾಯಿ ನಿಲ್ಲಲ್ಲ.

ಆ ಕಡೆ ತಿರುಗಿ ಕೂಡ್ರಿ ಸ್ವಲ್ಪ.

ಇಲ್ಲವಾ.

ಮೊದಲು ಹಾಕಿದ್ದು ನನ್ನ ರಕ್ತ ಅಲ್ಲ.

ಪೇಪರ್ ಬಂದ ದಿನ ನಾನು ಕುಣ್ಕೊಂತಾ ಮನೆಗೆ ಹೋದೆ. ಎಲ್ಲರಿಗೂ ಓದಿ ಹೇಳಿದೆ, ಕನ್ನಡಕ ಹಾಕ್ಕೊಂಡು, ಜೋರಾಗಿ. ಸೊಸೆ ರೂಪಶ್ರೀ ಎದ್ದು ಒಳಗೆ ಹೋದ್ಲು. ನಮ್ಮನೆಯಾಕೆ ಅಕ್ಕನಾಗಮ್ಮ ಪೇಪರ್ ಕಿತ್ಕೊಂಡು, "ನಿಮಗೇನು ಬುದ್ಧಿ ಐತೋ ಇಲ್ಲೋ? ಈಗ ಒಳಗೆ ಹೋದ್ಲಲ್ಲ, ಆ ಹುಡುಗಿ ತವರು ಯಾವ ಊರು?" ಅಂದ್ಲು. ಸಾಹೇಬ್ರೆ, ಅಲ್ಲಿ ತನಕ ನನಗೆ ಹೊಳೆದೇ ಇರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ. ರೂಪಶ್ರೀ ತವರು ಹರಿಹರ. ಹುಟ್ಟಿದ್ದು, ಬೆಳೆದಿದ್ದು, ಓದಿದ್ದು, ಎಲ್ಲ ಅಲ್ಲೇ. ಈಗ ಬಸುರಿ. ಅಕ್ಕನಾಗಮ್ಮ ಮರುದಿನನೇ ಉಕ್ಕಡಗಾತ್ರಿ ಅಜ್ಜಯ್ಯಗೆ ಮುಡುಪು ಕಟ್ಟಿದ್ಲು. ನಾನು ಸಿರಿಂಜ್ ತಗೊಂಡು ಮನೆಗೆ ಹೋದೆ.

ನಾನೇ ತೆಗೆದೆ ಆಕೆ ರಕ್ತ. ಹೊಳೀತು. ಈ ಕುರ್ಚಿ ಮ್ಯಾಲೇ ಕೂತಿದ್ದೆ. ಇಲ್ಲ, ಇದು ಸುಳ್ಳಿರಬೇಕು, ನಮ್ಮ ಹುಡುಗಿಗೆ ಹಂಗಾಗೋಕೆ ಸಾಧ್ಯ ಇಲ್ಲ ಅಂತ ನನ್ನದು ಹಾಕಿದೆ. ಅಕ್ಕನಾಗಮ್ಮನದು ಹಾಕಿದೆ. ನೀರು ಹಾಕಿದೆ. ಅರಿಶಿನ ಕಂಡಾಗ... ಅತ್ತೆ ಸಾಹೇಬ್ರೆ. ಖುಷಿಗೆ ಅತ್ತೆ. ಆಮೇಲೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಎಲ್ಲ ಪರೀಕ್ಷೆನೂ ಬ್ಯಾರೆ ಮಾಡಿಸಿದೆ. ಕಿಡ್ನಿ ಎರಡೂ ಗಟ್ಟಿಮುಟ್ಟು. ಆ ಸಂಜೆ ಪೇಡೆ ತಗೊಂಡು ಹೋದೆ. ಮನ್ಯಾಗೆ ಎಲ್ಲರೂ ತಿಂದ್ವಿ. "ಅದು ಲ್ಯಾಬಿನ ತಪ್ಪವ್ವ, ನೀನೇನೂ ಹೆದರಬ್ಯಾಡ" ಅಂತ ಆಕೆ ತಲೆ ಮುಟ್ಟಿ ಹೇಳಿದೆ.

ಗುಲ್ನಾಜ್‌ಗೆ...

ಗುಲ್ನಾಜ್‌ಗೆ ಹೇಳಬೇಕಂತ ಅವತ್ತು ನೆನಪಾತು. ಪೇಡೆ ತಿನ್ನೋವಾಗಲೇ ನೆನಪಾತು. ರೂಪಶ್ರೀನೇ ಕೇಳಿದ್ಲು, "ಮಾವಾರೆ, ಹಂಗಾದ್ರೆ ಆ ಟೇಲರಿಂಗ್ ಹುಡುಗಿ?" ಅಂತ. ನಾಳೆ ಹೇಳ್ತೀನವ್ವ ಅಂದೆ. ಮರುದಿನ ಸನ್ಮಾನದೋರು ಬಂದ್ರು.

ಎದ್ರಾ? ಎಲ್ಲಿಗೆ? ಕೂಡ್ರಿ ಸಾಹೇಬ್ರೆ. ಹರಿಹರಕ್ಕಾ? ರೌಫ್ ಸಾಬ್ರ ಮನೆಗಾ... ನಾನೂ ಬರ್ಲಾ? ಬ್ಯಾಡ ಅಂದ್ರೆ ಬ್ಯಾಡ. ಆ ಹುಡುಗಿ ಎದುರಿಗೆ ನಿಂತು ಏನು ಹೇಳ್ಲಿ ನಾನು?

ಯಾಕೆ ನಿಂತ್ರಿ ಬಾಗಿಲಾಗೆ? ಎಲ್ಲ ಹೇಳಿದೆನಲ್ಲ. ಇನ್ನೇನು ಉಳಿದೈತೆ?

ಓ... ನೀವು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಸೊಸೆ ಅಂತ ತರ್ತಿದ್ರಾ ಅಂತ ಕೇಳಿದ್ರಿ. ತಂದೀನಿ, ಸಾಹೇಬ್ರೆ. ಮನ್ಯಾಗೆ ಅದಾಳೆ.